ಒಂಬತ್ತನೇ ಕುಳಿಯ ಮಂದೆ

ಜನವರಿಯ ಮೊದಲ ಭಾನುವಾರ ಬಂತೆಂದರೆ ಗಣಿ ಕಾಲೋನಿಯ ಗಾಲ್ಫ್ ಕ್ಲಬ್ಬಿನವರು ಯಾರೂ ನೆಮ್ಮದಿಯಾಗಿ ತಿಂಡಿ ತಿನ್ನುತ್ತಿರಲಿಲ್ಲ. ಆ ಬೆಳಿಗ್ಗೆ ಒಬ್ಬೊಬ್ಬರೂ ಒಂಬತ್ತು ಕುಳಿ ಆಡಿ ಮುಗಿಸಬೇಕು. ಮುಗಿಸಿದ ಮೇಲೆ ಕಾರ್ಯದರ್ಶಿ ಮೂರ್ತಪ್ಪನವರ ಮುಂದೆ ಕೂತು, ದಪ್ಪ ರಟ್ಟಿನ ಪುಸ್ತಕದಲ್ಲಿ, ಬರುವ ಡಿಸೆಂಬರಿನೊಳಗೆ ತಾನು ಎಷ್ಟು ಹೊಡೆತಕ್ಕೆ ಇಳಿಯುತ್ತೇನೆ ಎಂಬ ಗುರಿ ಬರೆಯಬೇಕು. ಈ ಆಟದಲ್ಲಿ ಕಡಿಮೆ ಹೊಡೆದವನೇ ಗೆದ್ದವನು. ಆದರೆ ಗುರಿಗೂ ಒಂದು ಕಟ್ಟಳೆಯಿತ್ತು. ಅಂದು ಆಡಿದ್ದಕ್ಕಿಂತ ಐದು ಹೊಡೆತ ಕಡಿಮೆ ಬರೆಯಬಹುದು, ಆರು ಬರೆಯುವಂತಿಲ್ಲ. ಐದರ ಮೇಲೆ ಆಸೆಪಟ್ಟವನು ಆಡುವುದಿಲ್ಲ, ಮಲಗಿ ಕನಸು ಕಾಣುತ್ತಾನೆ ಎಂದು ಕ್ಲಬ್ಬು ಕಟ್ಟಿದ ಮೊದಲ ಮ್ಯಾನೇಜರು ಹೇಳಿ ಹೋಗಿದ್ದರಂತೆ.

ಎಪ್ಪತ್ತೊಂಬತ್ತರ ಆ ಭಾನುವಾರ ಗಿರಿಯಮ್ಮನಿಗೆ ಬೇಕಾಗಿದ್ದದ್ದು ಐವತ್ತು. ಐವತ್ತಕ್ಕೆ ಮುಗಿಸಿದರೆ ನಲವತ್ತೈದು ಎಂದು ಬರೆಯಬಹುದು. ನಲವತ್ತೈದೋ ಅದಕ್ಕಿಂತ ಕಡಿಮೆಯೋ ಬರೆದವರಲ್ಲಿ ನಾಲ್ವರನ್ನು ವರ್ಷದ ಕೊನೆಗೆ ಕೋಲಾರದ ಕಡೆಯ ಪಂದ್ಯಕ್ಕೆ ಕರೆದೊಯ್ಯುತ್ತಿದ್ದರು. ಮೂರು ಜಾಗಕ್ಕೆ ಹಳಬರು ಖಾಯಂ. ನಾಲ್ಕನೆಯದು ಆ ವರ್ಷ ಖಾಲಿಯಿತ್ತು.

ಅವಳು ಟೈಮಾಫೀಸಿನ ಟೈಪಿಸ್ಟು. ದುರ್ಗದ ಕಾಲೇಜಿನಲ್ಲಿ ಬಿ.ಎ. ಮುಗಿಸಿ ಎರಡು ವರ್ಷವಾಗಿತ್ತು. ಗಣಿಯ ನೌಕರರಾದವರು ಯಾರು ಬೇಕಾದರೂ ಕ್ಲಬ್ಬಿನಲ್ಲಿ ಆಡಬಹುದೆಂದು ನಿಯಮದಲ್ಲಿತ್ತು. ಹೆಂಗಸರು ಆಡಬಾರದೆಂದು ಬರೆಯುವುದು ಯಾರಿಗೂ ಹೊಳೆದಿರಲಿಲ್ಲ. ಮಾತು ಅವಳಿಗೆ ಮೊದಲಿನಿಂದ ಕಷ್ಟ. ಹಿಂದಿನ ವರ್ಷ ಇದೇ ದಿನ ಪುಸ್ತಕದ ಮುಂದೆ ಕೂತಾಗ ಗುರಿ ಹೇಳಲಾಗದೆ ತಡವರಿಸಿದಳು, ಮೂರ್ತಪ್ಪನವರೇ ಪಾಪವೆಂದುಕೊಂಡು ಅವಳ ಹೆಸರಿನ ಮುಂದೆ ಅರವತ್ತು ಎಂದು ಬರೆದುಕೊಂಡಿದ್ದರು. ಅವಳು ಮನೆಗೆ ಹೋಗಿ ತನ್ನ ನೋಟ್‌ಬುಕ್ಕಿನಲ್ಲಿ, 'ನನ್ನ ಬಾಯಿಂದ ಬರಬೇಕಾಗಿತ್ತು' ಎಂದು ಒಂದೇ ಸಾಲು ಬರೆದಿದ್ದಳು. ಅಂದಿನಿಂದ ಪ್ರತಿದಿನದ ಪ್ರತಿ ಹೊಡೆತವನ್ನೂ ಅದರಲ್ಲಿ ಇಳಿಸುತ್ತ ಬಂದಳು. ಎಲ್ಲಿಂದ ಹೊಡೆದೆ, ಎಲ್ಲಿಗೆ ಹೋಯಿತು, ಯಾಕೆ ಕೆಟ್ಟಿತು. ವರ್ಷ ತುಂಬುವ ಹೊತ್ತಿಗೆ ಐವತ್ತೆರಡಕ್ಕೆ ಇಳಿದಿದ್ದಳು. ಅದನ್ನು ಕಂಡವರು ಇಬ್ಬರೇ, ಒಂದು ನೋಟ್‌ಬುಕ್ಕು, ಇನ್ನೊಂದು ಅವಳ ಅಪ್ಪ.

ಅಪ್ಪ ಬೀರಪ್ಪ ಕ್ಲಬ್ಬಿನಲ್ಲಿ ಬ್ರೌನು ನೋಡಿಕೊಳ್ಳುವವನು. ಜೋಗಿಮಟ್ಟಿ ಗುಡ್ಡದ ಅಡಿಯ ಆ ಒಣ ನೆಲದಲ್ಲಿ ಕುಳಿಯ ಸುತ್ತ ಹಸಿರು ಹುಲ್ಲು ಬೆಳೆಸುವಷ್ಟು ನೀರೆಲ್ಲಿಯದು? ಅದಕ್ಕೇ ಮರಳು ಹಾಸಿ, ಗಣಿಯ ಲಾರಿಗಳಿಂದ ಬಸಿದ ಹಳೇ ಎಣ್ಣೆ ಬೆರೆಸಿ, ಹಲಗೆ ಎಳೆದು ನುಣ್ಣಗೆ ಮಾಡುತ್ತಿದ್ದರು. ಆ ಕಪ್ಪು ಕಂದು ಬಣ್ಣದ ದುಂಡನೆಯ ಜಾಗವೇ ಬ್ರೌನು. ಅದರ ನಡುವೆ ಕುಳಿ, ಕುಳಿಯಲ್ಲಿ ಬಾವುಟದ ಕೋಲು. ಬೀರಪ್ಪ ದಿನಗೂಲಿಗೆ ಸೇರಿ ಹತ್ತು ವರ್ಷವಾಗಿದ್ದರೂ ಕುರಿ ಬಿಟ್ಟಿರಲಿಲ್ಲ. ಅವನ ನಲವತ್ತು ಕುರಿ ಭಾವಮೈದ ಓಬಣ್ಣನ ಇನ್ನೂರರ ಮಂದೆಯಲ್ಲಿ ಸೇರಿದ್ದವು. ಸುಗ್ಗಿ ಮುಗಿದ ಮೇಲೆ ಓಬಣ್ಣ ಶ್ರೀರಾಂಪುರದ ಕಡೆಯಿಂದ ಮಂದೆ ಹೊಡೆದುಕೊಂಡು ಬರುತ್ತಿದ್ದ. ಹಗಲು ಹೊತ್ತು ಕುರಿಗಳು ಆಟದ ಬಯಲಿನಲ್ಲಿ ಮೇಯುವುದಕ್ಕೆ ಕ್ಲಬ್ಬಿನವರ ಅಡ್ಡಿಯಿರಲಿಲ್ಲ. ಹುಲ್ಲು ಕತ್ತರಿಸುವ ಖರ್ಚು ಉಳಿಯುತ್ತಿತ್ತಲ್ಲ.

ಆಟ ಏಳಕ್ಕೆ ಶುರುವಾಯಿತು. ಇಬ್ಬಿಬ್ಬರ ಜೋಡಿ. ಒಬ್ಬರ ಕಾರ್ಡನ್ನು ಇನ್ನೊಬ್ಬರು ಬರೆದು ಸಹಿ ಹಾಕಬೇಕು. ಗಿರಿಯಮ್ಮನದು ಕೊನೆಯ ಜೋಡಿ, ಜೊತೆಗೆ ಸ್ಟೋರ್ಸಿನ ಚಿತ್ರಲಿಂಗಪ್ಪ. ಖಾಲಿ ಇದ್ದ ನಾಲ್ಕನೇ ಜಾಗದ ಮೇಲೆ ಅವರದೂ ಕಣ್ಣಿತ್ತು. ದೊಡ್ಡ ಮೈ, ದೊಡ್ಡ ದನಿ, ಚೆಂಡು ಹೊಡೆದರೆ ಕಣ್ಣಿಗೆ ಕಾಣದಷ್ಟು ದೂರ. ಆದರೆ ಎಲ್ಲಿಗೆ ಹೋಗುತ್ತದೆಂಬುದು ಚೆಂಡಿಗೇ ಗೊತ್ತು.

ಮೊದಲನೇ ಕುಳಿಯಲ್ಲೇ ಅವರು, ನೀನು ಯಾಕಮ್ಮ ಇಷ್ಟು ಬಿಗಿದುಕೊಂಡಿದ್ದೀಯ, ಅರವತ್ತರೊಳಗೆ ಮುಗಿಸಿದರೆ ಮೂರ್ತಪ್ಪನೋರು ಕಾಫಿ ಕುಡಿಸುತ್ತಾರೆ ಬಿಡು ಎಂದಿದ್ದರು. ಅವಳು ಚೆಂಡನ್ನು ಕುಳಿಗೆ ಹಾಕಿ ಎಣಿಸಿಕೊಂಡಳು. ಐದು. ಎರಡನೆಯದು ಆರು. ಮೂರನೆಯದರ ಹತ್ತಿರ ಗುಡ್ಡದ ಬುಡದಲ್ಲಿ ಓಬಣ್ಣನ ಮಂದೆ ಸಾಲಾಗಿ ಹೋಗುತ್ತಿದ್ದುದು ಕಂಡಿತು. ಮಂದೆಯಲ್ಲಿದ್ದ ಎರಡೇ ಬಿಳಿ ಕುರಿಗಳ ಹೊಟ್ಟೆ ಮಸಿ ಬಳಿದ ಹಾಗೆ ಕಪ್ಪಗಿತ್ತು. ಎಲ್ಲಿ ಮಲಗಿದ್ದವೋ ಎಂದುಕೊಂಡಳು. ಅಷ್ಟರಲ್ಲಿ ಚಿತ್ರಲಿಂಗಪ್ಪ ತಮ್ಮ ಚೆಂಡು ಹುಡುಕಲು ಕರೆದರು, ಯೋಚನೆ ಅಲ್ಲಿಗೇ ನಿಂತಿತು.

ಎಂಟು ಕುಳಿ ಮುಗಿದಾಗ ಅವಳದು ನಲವತ್ತನಾಲ್ಕು. ಚಿತ್ರಲಿಂಗಪ್ಪನವರದೂ ನಲವತ್ತನಾಲ್ಕೇ. ಅವರು ಕಾರ್ಡು ಎರಡು ಸಲ ಕೂಡಿ ನೋಡಿದರು, ಆಮೇಲೆ ಕಾಫಿಯ ಮಾತೆತ್ತಲಿಲ್ಲ.

ಒಂಬತ್ತನೆಯದು ಆರಕ್ಕೆ ಆಗಬೇಕು. ಕಳೆದ ವರ್ಷ ಆ ಕುಳಿಯನ್ನು ಅವಳು ಎಷ್ಟು ಸಲ ಆರರೊಳಗೆ ಮುಗಿಸಿದ್ದಳೆಂಬುದು ನೋಟ್‌ಬುಕ್ಕಿನಲ್ಲಿತ್ತು. ಹತ್ತರಲ್ಲಿ ಏಳು. ಸೀರೆಯ ಸೆರಗಿಗೆ ಕೈ ಒರೆಸಿಕೊಂಡು ತಿರುಗಿದರೆ, ಒಂಬತ್ತರ ಕಡೆ ಜನ ಗುಂಪುಗೂಡಿದ್ದರು. ಆಟ ಮುಗಿಸಿದವರು ಕ್ಲಬ್ಬಿನ ಜಗಲಿಯಲ್ಲಿ ಕೂರುವ ಬದಲು ಬ್ರೌನಿನ ಸುತ್ತ ನಿಂತಿದ್ದರು. ಮೂರ್ತಪ್ಪನವರು ಕೈಯೆತ್ತಿ ಇಬ್ಬರನ್ನೂ ಅಲ್ಲಿಗೆ ಬರಹೇಳಿದರು.

ಹತ್ತಿರ ಹೋದಾಗ ಗಿರಿಯಮ್ಮನಿಗೆ ಬಿಳಿ ಕುರಿಗಳ ಹೊಟ್ಟೆ ಹೇಗೆ ಕಪ್ಪಾಯಿತೆಂದು ತಿಳಿಯಿತು.

ನುಣ್ಣಗಿರಬೇಕಾಗಿದ್ದ ಮರಳಿನ ಮೇಲೆ ಗೊರಸಿನ ಗುರುತು ಬಿಟ್ಟರೆ ಬೇರೇನೂ ಇರಲಿಲ್ಲ. ಮಲಗಿದ ಜಾಗಗಳು ತಟ್ಟೆಗಳಂತೆ ಗುಳಿಬಿದ್ದಿದ್ದವು. ಎಲ್ಲೆಲ್ಲೂ ಹಿಕ್ಕೆ. ಬ್ರೌನಿನ ಅಂಚಿನಲ್ಲಿ ಅಪ್ಪ ಹಲಗೆಯನ್ನು ಹೆಗಲ ಮೇಲೆ ಹೊತ್ತು ನಿಂತಿದ್ದ. ಅವನ ಮುಖದಲ್ಲಿ ಅಂಜಿಕೆಯಿರಲಿಲ್ಲ. ಬೀಗರನ್ನು ಕರೆದು ಊಟಕ್ಕೆ ಹಾಕಿ, ಅವರು ಯಾಕೆ ಉಣ್ಣುತ್ತಿಲ್ಲವೆಂದು ನೋಡುವವನ ಮುಖದ ಹಾಗಿತ್ತು.

ಹೊಳಲ್ಕೆರೆಯಿಂದ ಬಂದು ಆಡುತ್ತಿದ್ದ ಡಾಕ್ಟರು ಗೋವಿಂದಪ್ಪ ಅದೇ ಕುಳಿಗೆ ಒಂಬತ್ತು ಹೊಡೆದು ಕೆಂಡವಾಗಿದ್ದರು. ಯಾರ ಕುರಿ ಇವು ಎಂದು ಅವರು ಆಗಲೇ ಕೇಳಿಯಾಗಿತ್ತು. ಮೂರ್ತಪ್ಪನವರು, ಮಗಳ ಮುಂದೆಯೇ ಇನ್ನೊಂದು ಸಲ ಕೇಳಿದರು.

"ನಮ್ಮವೇ ಸ್ವಾಮಿ," ಎಂದ ಬೀರಪ್ಪ. "ನಾನೇ ತರುಬಿಸಿದ್ದು."

ತರುಬುವುದೆಂದರೆ ಹೊಲದಲ್ಲಿ ರಾತ್ರಿ ಮಂದೆ ನಿಲ್ಲಿಸುವುದು. ಹೊಸದುರ್ಗದ ರೈತರು ಬಿತ್ತನೆಗೆ ಮುಂಚೆ ಕುರಿಗಾರರನ್ನು ಕರೆದು, ರಾಗಿ ಕೊಟ್ಟು, ಊಟ ಹಾಕಿ ತರುಬಿಸಿಕೊಳ್ಳುತ್ತಾರೆ. ಕುರಿ ಒಂದು ರಾತ್ರಿ ಮಲಗಿದ ನೆಲ ಮೂರು ವರ್ಷ ನೆನೆಸಿಕೊಳ್ಳುತ್ತದೆ ಎಂಬುದು ಅವರ ಮಾತು. ಬೀರಪ್ಪ ಅದನ್ನೇ ಬಿಡಿಸಿ ಹೇಳಿದ. ವರ್ಷದ ಗುರಿ ಬರೆಯುವ ದಿನವೆಂದರೆ ವರ್ಷದ ಬಿತ್ತನೆ. ಎಲ್ಲರಿಗೂ ಒಳ್ಳೆಯದಾಗಲೆಂದು, ಅದರಲ್ಲೂ ಮಗಳು ಹೋದ ವರ್ಷ ಈ ಒಂಬತ್ತನೆಯದರಲ್ಲೇ ಹೆಚ್ಚು ಕಳೆದುಕೊಳ್ಳುತ್ತಿದ್ದಳೆಂದು, ಇಲ್ಲಿನ ಹುಲ್ಲಿನ ಮೇಲೆ ಹಗ್ಗ ಕಟ್ಟಿ ತರುಬಿಸಿದ್ದ. ಚಳಿಗೆ ಕುರಿಗಳು ಹಗ್ಗ ದಾಟಿ ಬೆಚ್ಚಗಿದ್ದ ಎಣ್ಣೆ ಮರಳಿಗೆ ಬಂದು ಮಲಗಿದ್ದವು. ಅದು ಇನ್ನೂ ಒಳ್ಳೆಯದೇ ಆಯಿತೆಂದು ಅವನ ಎಣಿಕೆ. ತರುಬಿದ ಗೊಬ್ಬರವನ್ನು ಅದೇ ದಿನ ಬಳಿದು ತೆಗೆಯಬಾರದಾದ್ದರಿಂದ ಮುಂಜಾನೆ ಉಳಿದ ಎಂಟು ಬ್ರೌನಿಗೆ ಹಲಗೆ ಎಳೆದು, ಒಂಬತ್ತನೆಯದನ್ನು ಹಾಗೇ ಬಿಟ್ಟಿದ್ದ.

"ಇದೇನು ಹೊಲ ಏನಪ್ಪ? ರಾಗಿ ಬಿತ್ತೀವಾ ಇಲ್ಲಿ?" ಎಂದರು ಡಾಕ್ಟರು.

"ನೆಲ ಅಲ್ವೇನ್ರಿ ಸ್ವಾಮಿ," ಎಂದ ಬೀರಪ್ಪ. ಆಮೇಲೆ, ತಮಗೆ ಬೇಡವೆಂದಾದರೆ ಈಗಲೇ ಹಲಗೆ ಎಳೆದುಬಿಡುತ್ತೇನೆ ಎಂದು ಮುಂದೆ ಬಂದ. ಮೂರ್ತಪ್ಪನವರು ತಡೆದರು. ಗುರಿಯ ದಿನ ಒಂದು ಜೋಡಿ ಆಡಿದ ಬ್ರೌನನ್ನು ಕೊನೆಯ ಜೋಡಿ ಆಡಿ ಮುಗಿಸುವ ತನಕ ಯಾರೂ ಮುಟ್ಟುವಂತಿಲ್ಲ. ಎಲ್ಲರಿಗೂ ಒಂದೇ ನೆಲ. ಅವನನ್ನು ಅವರು, ಹೋಗಿ ಗುರಿಪುಸ್ತಕ ತಗೊಂಡು ಬಾ ಎಂದು ಕ್ಲಬ್ಬಿಗೆ ಕಳಿಸಿದರು. ಮಾತು ಕೇಳಿಸದಷ್ಟು ದೂರ ಅವನು ಹೋಗುವ ತನಕ ಅವರು ಕಾದರು. ಆಗ ಗಿರಿಯಮ್ಮನಿಗೆ, ಅಪ್ಪನನ್ನು ಬೇಕೆಂದೇ ಕಳಿಸಿದ್ದಾರೆ ಎಂಬುದು ಗೊತ್ತಾಯಿತು.

ಮೂರ್ತಪ್ಪನವರು ಸರ್ವೆ ವಿಭಾಗದಲ್ಲಿ ಮೂವತ್ತು ವರ್ಷ ಅಳೆದೂ ಸುರಿದೂ ಮಾತನ್ನೂ ಹಾಗೇ ಆಡುವವರು. ಅವರು ಹೇಳಿದ್ದಿಷ್ಟು. ಆಡಲಾಗದಷ್ಟು ಕೆಟ್ಟ ಕುಳಿಯನ್ನು ಆ ದಿನಕ್ಕೆ ಮುಚ್ಚಿಬಿಡುವ ಅವಕಾಶ ನಿಯಮದಲ್ಲಿದೆ. ಮುಚ್ಚಿದರೆ ಎಲ್ಲರಿಗೂ ಅಲ್ಲಿ ಐದೈದು ಹೊಡೆತ ಹಾಕುತ್ತಾರೆ. ಆದರೆ ಮುಚ್ಚುವುದಕ್ಕೆ ಇನ್ನೂ ಆ ಕುಳಿ ಆಡದವರು ಒಪ್ಪಿ ಸಹಿ ಹಾಕಬೇಕು. ಆಡದವರು ಇಬ್ಬರೇ ಉಳಿದಿದ್ದಾರೆ.

"ನಂದು ಒಪ್ಪಿಗೆ," ಎಂದರು ಚಿತ್ರಲಿಂಗಪ್ಪ, ಮಾತು ಮುಗಿಯುವ ಮುಂಚೆಯೇ.

ನಲವತ್ತನಾಲ್ಕಕ್ಕೆ ಐದು ಸೇರಿದರೆ ನಲವತ್ತೊಂಬತ್ತು. ಗಿರಿಯಮ್ಮ ಒಂದೂ ಹೊಡೆತ ಹೊಡೆಯದೆ ನಲವತ್ತೈದು ಬರೆಯಬಹುದು, ನಲವತ್ತನಾಲ್ಕೂ ಬರೆಯಬಹುದು. ಎದೆ ಹಗುರಾಗುವುದರೊಳಗೆ ಮೂರ್ತಪ್ಪನವರು ಉಳಿದದ್ದನ್ನೂ ಹೇಳಿದರು. ಮುಚ್ಚಿದ್ದಕ್ಕೆ ಕಾರಣ ಬರೆಯಬೇಕು. ಪುಸ್ತಕ ಸೋಮವಾರ ಮ್ಯಾನೇಜರ ಮೇಜಿಗೆ ಹೋಗುತ್ತದೆ. ಬ್ರೌನು ಕಾಯುವವನೇ ಬ್ರೌನು ಕೆಡಿಸಿದನೆಂದು ಬರೆದರೆ ದಿನಗೂಲಿಯವನನ್ನು ಯಾರೂ ವಿಚಾರಣೆಗೆ ಕರೆಯುವುದಿಲ್ಲ. ನಾಳೆಯಿಂದ ಬರಬೇಡ ಎನ್ನುತ್ತಾರೆ, ಅಷ್ಟೇ.

"ಪುಸ್ತಕದಲ್ಲಿ ಇಲ್ಲದ್ದು ಮ್ಯಾನೇಜರಿಗೂ ಇಲ್ಲಮ್ಮ," ಎಂದರು ಕೊನೆಗೆ, ಅವಳ ಮುಖ ನೋಡದೆ. "ಎಲ್ಲರೂ ಆಡಿ ಮುಗಿಸಿದ ಕುಳಿಗೆ ಕಾರಣ ಬರಿಯೋದು ಬೇಕಾಗಿಲ್ಲ. ಆದ್ರೆ ಆಡಿದ್ರೆ, ಎಷ್ಟು ಬಂತೋ ಅಷ್ಟೇ ನಿನ್ನದು."

ಎಂಟು ಜನ ಗಂಡಸರು ಅವಳನ್ನೇ ನೋಡುತ್ತಿದ್ದರು. ಒಬ್ಬೊಬ್ಬರಿಗೂ ಅಲ್ಲಿ ಏಳು, ಎಂಟು, ಒಂಬತ್ತು ಬಂದಿತ್ತು. ಅವಳು ಹೂಂ ಎಂದರೆ ಅವರಿಗೂ ಐದು. ಬೇರೆ ದಿನವಾಗಿದ್ದರೆ ಅಷ್ಟು ಕಣ್ಣುಗಳ ಮುಂದೆ ಅವಳು ಯಾವುದಕ್ಕೆ ಬೇಕಾದರೂ ತಲೆಯಾಡಿಸಿಬಿಡುತ್ತಿದ್ದಳು. ಈಗಲೂ ತಲೆ ಅರ್ಧ ಬಗ್ಗಿತ್ತು. ಕ್ಲಬ್ಬಿನ ಬಾಗಿಲಿಂದ ಅಪ್ಪ ಪುಸ್ತಕವನ್ನು ಎರಡೂ ಕೈಯಲ್ಲಿ, ಎಣ್ಣೆಯ ಕೈ ತಾಗದಂತೆ ಟವೆಲ್ಲಿನಲ್ಲಿ ಹಿಡಿದುಕೊಂಡು ಬರುತ್ತಿದ್ದುದು ಕಂಡಿತು. ತನ್ನ ಕೆಲಸ ಕಳೆಯಬಲ್ಲದ್ದನ್ನೇ ತಾನು ತರುತ್ತಿದ್ದೇನೆಂಬುದು ಅವನಿಗೆ ಗೊತ್ತಿರಲಿಲ್ಲ.

"ಆಡ್ತೀನಿ ಸರ್," ಎಂದಳು.

ದನಿ ಅವಳಿಗೇ ಕೇಳಿಸದಷ್ಟು ಸಣ್ಣಗಿತ್ತು. ಮೂರ್ತಪ್ಪನವರು ಏನಂದೆ ಎಂದು ಕೇಳಿದರು. ಇನ್ನೊಂದು ಸಲ ಹೇಳಬೇಕಾಯಿತು.

ಡಾಕ್ಟರು ಟೋಪಿ ತೆಗೆದು ತೊಡೆಗೆ ಬಡಿದುಕೊಂಡು ಆಚೆ ಹೋದರು. ಚಿತ್ರಲಿಂಗಪ್ಪ ಮೊದಲ ಹೊಡೆತ ಹೊಡೆಯುವ ದಿಬ್ಬದ ಕಡೆ ನಡೆಯುತ್ತ, "ಅಪ್ಪ ಕುರಿ ಬಿಡೋದು, ಮಗಳು ಕುರಿ ಹೆಜ್ಜೆ ಓದೋದು. ಚೆನ್ನಾಗೈತೆ ಸಂಸಾರ," ಎಂದರು.

"ನಿಮ್ಮದೇ ಮೊದಲ ಹೊಡೆತ ಸರ್," ಎಂದಳು ಅವಳು. ಅವರು ತಿರುಗಿ ನೋಡಿದರು. ಅವಳು ತಮಾಷೆ ಮಾಡಿರಲಿಲ್ಲ, ಹಿಂದಿನ ಕುಳಿಯಲ್ಲಿ ಕಡಿಮೆ ಹೊಡೆದವರು ಮೊದಲು ಹೊಡೆಯಬೇಕೆಂಬ ನಿಯಮ ಹೇಳಿದ್ದಳು.

ಚಿತ್ರಲಿಂಗಪ್ಪ ಸಿಟ್ಟಿನಲ್ಲೇ ಹೊಡೆದರು. ಚೆಂಡು ಬಹಳ ದೂರ ಹೋಗಿ, ನೇರವಾಗಿಯೂ ಬಿತ್ತು. ಗಿರಿಯಮ್ಮ ಚೆಂಡಿಟ್ಟು ಹಿಂದೆ ಸರಿದು ನಿಂತಳು. ಗುಡ್ಡದ ಕಡೆಯಿಂದ ಗಾಳಿ ಎದ್ದಿತ್ತು. ತಲೆಯೊಳಗೆ ಲೆಕ್ಕ ನಿಲ್ಲುತ್ತಿರಲಿಲ್ಲ. ಆರು, ಆರು, ಆರು. ಹೊಡೆದಳು. ಮಾಮೂಲಿನಷ್ಟು ದೂರ, ಬಯಲಿನ ನಡುವೆ. ಒಂದು.

ಎರಡನೆಯದಕ್ಕೆ ಗಾಳಿಯನ್ನು ಮರೆತಳು. ಚೆಂಡು ಎಡಕ್ಕೆ ವಾಲಿ ಬಂದರಿಕೆ ಗಿಡಗಳ ನಡುವೆ ಹೋಗಿ ಸೇರಿತು. ಅಲ್ಲಿಂದ ಬ್ರೌನಿಗೆ ನೇರ ದಾರಿಯಿರಲಿಲ್ಲ. ಎರಡು ಗಿಡದ ಸಂದಿಯಲ್ಲಿ ಅಡ್ಡವಾಗಿ ಹೊರಕ್ಕೆ ತಳ್ಳಿದರೆ ಒಂದು ಹೊಡೆತ ವ್ಯರ್ಥ. ಗಿಡದ ಮೇಲೆ ಹಾರಿಸಿದರೆ ಸಿಕ್ಕಿಹಾಕಿಕೊಳ್ಳುವ ಭಯ. ವರ್ಷವೆಲ್ಲ ಬರೆದಿಟ್ಟದ್ದು ಆಗ ನೆರವಿಗೆ ಬಂತು. ಗಿಡದ ಮೇಲೆ ಹಾರಿಸಿದ್ದು ಹನ್ನೊಂದು ಸಲ, ಆದದ್ದು ಮೂರು ಸಲ. ಹೊರಕ್ಕೆ ತಳ್ಳಿದಳು. ಚೆಂಡು ಉರುಳಿ ಬ್ರೌನಿಗೆ ಮೂವತ್ತು ಹೆಜ್ಜೆ ದೂರದಲ್ಲಿ ನಿಂತಿತು. ಮೂರು.

ಚಿತ್ರಲಿಂಗಪ್ಪ ಆಗಲೇ ಬ್ರೌನಿನ ಅಂಚಿಗೆ ಬಂದಿದ್ದರು, ಎರಡೇ ಹೊಡೆತಕ್ಕೆ. ಮೂರನೆಯದನ್ನು ಎತ್ತಿ ಹೊಡೆದರು. ಚೆಂಡು ಮರಳಿಗೆ ಬಿದ್ದು, ಗೊರಸಿನ ಗುಳಿಗೆ ತಾಗಿ, ಕಪ್ಪೆಯ ಹಾಗೆ ಪಕ್ಕಕ್ಕೆ ಹಾರಿ ಆಚೆಬದಿಯ ಹುಲ್ಲಿಗೆ ಹೋಯಿತು. ಅಲ್ಲಿಂದ ಈಚೆಗೆ, ಈಚೆಯಿಂದ ಆಚೆಗೆ. ದಾರಿಗಡ್ಡ ಇದ್ದ ಹಿಕ್ಕೆಗಳನ್ನು ಕೈಯಿಂದ ತೆಗೆಯಬಹುದಿತ್ತು. ಅವರು ಕರವಸ್ತ್ರ ಸುತ್ತಿಕೊಂಡು ಒಂದೊಂದನ್ನೇ ಎತ್ತಿ ಎಸೆಯುತ್ತ, ಪ್ರತಿಯೊಂದಕ್ಕೂ ಬೀರಪ್ಪನ ಕಡೆ ನೋಡುತ್ತಿದ್ದರು. ಮುಗಿದಾಗ ಎಂಟು ಆಗಿತ್ತು. ಒಟ್ಟು ಐವತ್ತೆರಡು. ಅವರ ನಲವತ್ತೈದು ಅಲ್ಲಿಗೆ ಮುಗಿಯಿತು.

ಈಗ ಎಲ್ಲರ ಕಣ್ಣೂ ಅವಳ ಮೇಲೆ. ಅವಳು ಚೆಂಡಿನ ಹತ್ತಿರ ಕುಕ್ಕರಗಾಲಲ್ಲಿ ಕೂತು ಬ್ರೌನನ್ನು ಕೆಳಗಿನಿಂದ ನೋಡಿದಳು. ಕುರಿ ಮಲಗುವಾಗ ಎಲ್ಲೆಂದರಲ್ಲಿ ತುಳಿಯುತ್ತದೆ, ಏಳುವಾಗ ಹಾಗಲ್ಲ. ಒಂದು ಎದ್ದು ನಡೆದರೆ ಉಳಿದವು ಅದರ ಬಾಲ ಹಿಡಿದು ಅದೇ ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ಹೋಗುತ್ತವೆ. ಇನ್ನೂರು ಕುರಿ ಒಂದೇ ಸಾಲಿನಲ್ಲಿ ನಡೆದ ಜಾಗ ಕೆದರಿರುವುದಿಲ್ಲ, ಗಟ್ಟಿಯಾಗಿರುತ್ತದೆ. ಅವಳು ಹುಡುಕುತ್ತಿದ್ದದ್ದು ಅದನ್ನೇ. ಬಲಗಡೆಯಿಂದ ಶುರುವಾಗಿ, ಕುಳಿಯ ಪಕ್ಕದಲ್ಲಿ ಎರಡು ಮಾರು ದೂರದಲ್ಲಿ ಹಾದು, ಹುಲ್ಲಿನ ಕಡೆಗೆ ಇಳಿದುಹೋದ ಒಂದು ಮೊಳ ಅಗಲದ ಕಾಲುದಾರಿ ಕಾಣಿಸಿತು, ತುಳಿದು ತುಳಿದು ಮಿರುಗುತ್ತಿತ್ತು.

ಕುಳಿಯ ಕಡೆಗಲ್ಲ, ಆ ದಾರಿಯ ಕಡೆಗೆ ತಿರುಗಿ ನಿಂತಳು. ಎಲ್ಲಿಗೆ ಹೊಡೀತಾಳೆ ಇವಳು ಎಂದು ಯಾರೋ ಅಂದರು. ಚೆಂಡು ಸಣ್ಣಗೆ ಎದ್ದು, ಹುಲ್ಲಿನಂಚಿಗೆ ಬಿದ್ದು, ಕುರಿದಾರಿಗೆ ಸೇರಿತು. ಸೇರಿದ್ದೇ ನೀರು ಕಾಲುವೆಯಲ್ಲಿ ಹರಿದ ಹಾಗೆ ಹರಿದು ಹೋಗಿ ಕುಳಿಯ ಪಕ್ಕಕ್ಕೆ ನಿಂತಿತು. ಎರಡು ಮಾರು. ನಾಲ್ಕು ಹೊಡೆತ.

ಮೂರ್ತಪ್ಪನವರು ಗಂಟಲು ಸರಿಮಾಡಿಕೊಂಡರು. ಡಾಕ್ಟರು ವಾಪಸು ಬಂದಿದ್ದರು.

ಉಳಿದ ಎರಡು ಮಾರಿಗೆ ದಾರಿಯೇನೂ ಇರಲಿಲ್ಲ. ಅವಳು ಬರಿಗೈಯಲ್ಲಿ ಹಿಕ್ಕೆ ಬಳಿದು ಪಕ್ಕಕ್ಕೆ ಹಾಕಿದಳು, ಮನೆಯ ಹಟ್ಟಿಯಲ್ಲಿ ಮಾಡುವ ಹಾಗೆ. ಗುಳಿಗಳ ನಡುವೆ ಕಣ್ಣಲ್ಲೇ ಗೆರೆ ಎಳೆದುಕೊಂಡು, ಚೆಂಡನ್ನು ನೆಲದ ಮೇಲೆ ಉರುಳಿಸುವ ಪಟರ್ ಕೋಲು ಹಿಡಿದಳು. ಚೆಂಡು ಮೂರು ಗುಳಿ ತಪ್ಪಿಸಿತು. ನಾಲ್ಕನೆಯದಕ್ಕೆ ತೊಡರಿ, ವೇಗ ಸತ್ತು, ಕುಳಿಗೆ ಒಂದು ಮೊಳ ಈಚೆ ನಿಂತಿತು. ಐದು.

ಒಂದು ಮೊಳ. ನುಣ್ಣಗಿನ ಬ್ರೌನಿನಲ್ಲಿ ಅವಳು ಕಣ್ಣು ಮುಚ್ಚಿ ಹಾಕುವಷ್ಟು ದೂರ. ಆದರೆ ಚೆಂಡಿಗೂ ಕುಳಿಗೂ ನಡುವೆ ಒಂದೇ ಒಂದು ಗೊರಸಿನ ಗುರುತು ಆಳವಾಗಿ, ಎರಡು ಹೋಳಾಗಿ, ಈಗ ತಾನೇ ಅಚ್ಚೊತ್ತಿದ ಹಾಗೆ ಬಿದ್ದಿತ್ತು. ಮೆಲ್ಲಗೆ ಹೊಡೆದರೆ ಅದರೊಳಗೇ ಕೂರುತ್ತದೆ. ಜೋರಾಗಿ ಹೊಡೆದರೆ ಅದನ್ನು ದಾಟುವಾಗ ನೆಗೆಯುತ್ತದೆ. ಅಪ್ಪ ಪುಸ್ತಕವನ್ನು ಎದೆಗೆ ಒತ್ತಿಕೊಂಡು ನಿಂತಿದ್ದ.

ಜೋರಾಗಿ ಹೊಡೆಯುವುದೆಂದು ನಿರ್ಧರಿಸಿದಳು. ಹೊಡೆದಳು. ಚೆಂಡು ಗುಳಿಯ ಮೊದಲ ಅಂಚಿಗೆ ತಾಗಿ ಎದ್ದು, ಕುಳಿಯ ಹಿಂದಿನ ತುಟಿಗೆ ಬಡಿದು, ಒಂದು ಗಳಿಗೆ ಅಲ್ಲೇ ನಿಂತ ಹಾಗಾಗಿ, ಆಚೆಗೆ ಉರುಳಿತು. ಗೇಣುದ್ದ.

ಅವಳು ಹೋಗಿ ಅದನ್ನು ಕುಳಿಗೆ ಹಾಕಿದಳು. ಏಳು.

ಚಿತ್ರಲಿಂಗಪ್ಪ ಅವಳ ಕಾರ್ಡು ಹಿಡಿದು ಪೆನ್ಸಿಲು ಎತ್ತಿದವರು ಬರೆಯದೆ ನಿಂತರು. ಅವರ ದೊಡ್ಡ ದನಿ ಎಲ್ಲಿಗೋ ಹೋಗಿತ್ತು. "ಏಳು ಅಂತ ಬರೀಲೇನಮ್ಮ?" ಎಂದು ಕೇಳಿದರು, ಬೇರೆ ಏನಾದರೂ ಬರೆಯುವುದಕ್ಕೆ ಬರುತ್ತದೇನೋ ಎನ್ನುವ ಹಾಗೆ.

"ಏಳೇ ಸರ್. ಐವತ್ತೊಂದು."

ಕ್ಲಬ್ಬಿನ ಜಗಲಿಯಲ್ಲಿ ಮೂರ್ತಪ್ಪನವರು ಒಬ್ಬೊಬ್ಬರ ಹೆಸರು ಕೂಗಿ ಗುರಿ ಬರೆಸಿಕೊಂಡರು. ಮೂವರು ಹಳಬರು ಹೇಗೋ ಐವತ್ತರೊಳಗೆ ಉಳಿದಿದ್ದರು. ಉಳಿದವರದೆಲ್ಲ ಮೇಲೆ. ಡಾಕ್ಟರು ನಲವತ್ತೊಂಬತ್ತು ಬರೆದು, ಹೇಗೆ ಸಾಧಿಸುತ್ತೀರಿ ಎಂಬ ಕಡೆ 'ಇನ್ನೂ ದೂರ ಹೊಡೆಯುವುದು' ಎಂದು ಗೀಚಿ, ಯಾರ ಮುಖವನ್ನೂ ನೋಡದೆ ಸ್ಕೂಟರು ಹತ್ತಿದರು. ಮೂರ್ತಪ್ಪನವರು ಒಂಬತ್ತನೇ ಕುಳಿಯ ಸಾಲಿನ ಮುಂದೆ ಕಾರಣದ ಜಾಗದಲ್ಲಿ ಏನೂ ಬರೆಯದೆ ಒಂದು ಅಡ್ಡಗೆರೆ ಎಳೆದರು. ಇನ್ನು ಮೇಲೆ ಶನಿವಾರ ಮಂದೆ ಗುಡ್ಡದಾಚೆ ಇರಬೇಕೆಂದು ಬೀರಪ್ಪನಿಗೆ ಹೇಳಿದರು. ಅವನು, ಆಗಲಿ ಸ್ವಾಮಿ, ನಿಮಗೆ ಬೇಡವಾದರೆ ಹೊಸದುರ್ಗದೋರು ಕೈ ಮುಗಿದು ಕರೀತಾರೆ ಎಂದ.

ಗಿರಿಯಮ್ಮನ ಸರದಿ ಬಂತು. ನಲವತ್ತಾರಕ್ಕಿಂತ ಕೆಳಗೆ ಬರೆಯುವ ಹಾಗಿಲ್ಲ. ಮೂರ್ತಪ್ಪನವರು ತಾವೇ ಪೆನ್ನು ತೆಗೆದುಕೊಂಡು, ನಲವತ್ತೆಂಟು ಬರೆಯಲೇ ಎಂದರು. ಗುರಿ ತಪ್ಪಿದರೆ ಮುಂದಿನ ವರ್ಷ ಪುಸ್ತಕದಲ್ಲಿ ಹೆಸರು ಕೊನೆಯ ಸಾಲಿಗೆ ಹೋಗುತ್ತದೆ, ಹೇಗೂ ಈ ಸಲ ಕೋಲಾರವಿಲ್ಲವಲ್ಲ.

"ನಲವತ್ತಾರು ಸರ್," ಎಂದಳು. ಹೇಗೆ ಎಂಬುದಕ್ಕೂ ತಾನೇ ಹೇಳಿದಳು. ಕಳೆದ ವರ್ಷ ಮೂವತ್ತು ಹೆಜ್ಜೆಯೊಳಗೆ ಬಂದ ಮೇಲೆ ತನಗೆ ಕುಳಿಗೆ ಮೂರು ಹೊಡೆತ ಬೀಳುತ್ತಿತ್ತು. ಈ ವರ್ಷ ಅದನ್ನು ಒಂಬತ್ತರಲ್ಲಿ ಐದು ಕುಳಿಯಲ್ಲಾದರೂ ಎರಡಕ್ಕೆ ತರುವುದು. ಮೂರ್ತಪ್ಪನವರು ಬರೆಯುತ್ತ ಒಂದು ಸಲ ತಲೆಯೆತ್ತಿ ನೋಡಿ ಮತ್ತೆ ಬರೆದರು.

ಅವಳು ಅಪ್ಪನನ್ನು ಹುಡುಕಿಕೊಂಡು ಹೋದಾಗ ಅವನು ಒಂಬತ್ತನೆಯದರ ಅಂಚಿನಲ್ಲಿ ಹಲಗೆಗೆ ಹಗ್ಗ ಕಟ್ಟುತ್ತಿದ್ದ. ಎಷ್ಟು ಬರೆದೆ ಎಂದು ಕೇಳಿದ. ಹೇಳಿದಳು. ಬೆರಳು ಮಡಿಸಿ ಎಣಿಸಿ ಅವನ ಮುಖ ಅಗಲವಾಯಿತು.

"ಹೋದ ವರ್ಷ ಅರವತ್ತು. ಹದಿನಾಲ್ಕು ಇಳೀತಲ್ಲವ್ವ. ಇವರು ಏನಾರ ಅನ್ಲಿ, ತರುಬಿದ್ದು ಸುಮ್ಮನೆ ಹೋಗಲ್ಲ. ಮುಂದಿನ ಸಲ ಎರಡು ರಾತ್ರಿ ತರುಬಾಣ."

ಅವಳು ಸುಮ್ಮನಿದ್ದುಬಿಡಬಹುದಿತ್ತು. ಮನೆಗೆ ಹೋಗಿ ನೋಟ್‌ಬುಕ್ಕಿನಲ್ಲಿ ಬರೆದರೆ ಮುಗಿಯುತ್ತಿತ್ತು. ಇಪ್ಪತ್ತೆರಡು ವರ್ಷ ಮಾಡಿದ್ದು ಅದನ್ನೇ.

"ಬ್ಯಾಡಪ್ಪ," ಎಂದಳು. "ಒಂದು ಹೋತು."

"ಏನು ಹೋತು?"

"ಒಂದು ಹೊಡೆತ. ಇಲ್ಲೇ, ಕುರಿ ಹೆಜ್ಜೆಗೆ. ಅದೊಂದು ಉಳಿದಿದ್ರೆ ಕೋಲಾರಕ್ಕೆ ಹೋಗ್ತಿದ್ದೆ."

ಒಂದೇ ತಾನೆ ಎಂದು ಅವನು ಅನ್ನಲಿಲ್ಲ. ಒಂದು ಕುರಿ ತಪ್ಪಿಸಿಕೊಂಡಿತೆಂದು ಮಾರಿಕಣಿವೆಯಿಂದ ಹಿರಿಯೂರಿನ ತನಕ ಎರಡು ದಿನ ನಡೆದವ ಅವನು. ಮುಖದ ಮೇಲಿನ ನಗು ಹೋಯಿತು. ಹಗ್ಗ ಕೆಳಗಿಟ್ಟ.

"ಯಾವ ಹೆಜ್ಜೆ?"

ತೋರಿಸಿದಳು. ಅವನು ಮೊಣಕಾಲೂರಿ ಗುರುತಿನ ಸುತ್ತ ಬೆರಳಾಡಿಸಿ ಬಹಳ ಹೊತ್ತು ನೋಡಿದ. ಅದು ಗಬ್ಬದ ಕುರಿಯದು ಎಂದ, ಭಾರ ಬಿಟ್ಟು ಕಾಲೂರಿದೆ, ಅದಕ್ಕೇ ಇಷ್ಟು ಆಳ. ಆಮೇಲೆ ತಲೆಗೆ ಸುತ್ತಿದ್ದ ಟವೆಲ್ಲು ಬಿಚ್ಚಿ ಕುತ್ತಿಗೆ ಒರೆಸಿಕೊಂಡ. ಮಗಳ ಕಡೆ ನೋಡಲಿಲ್ಲ. ಎದ್ದು ಹಲಗೆಗೆ ಕೈ ಹಾಕಿದ.

"ತಡಿಯಪ್ಪ," ಎಂದಳು ಗಿರಿಯಮ್ಮ.

ಚೀಲದಿಂದ ಹತ್ತು ಚೆಂಡು ತೆಗೆದು ಕುಳಿಗೆ ಒಂದು ಮೊಳ ಈಚೆ, ಗುರುತಿನ ನೇರಕ್ಕೆ ಸುರಿದುಕೊಂಡಳು. ಒಂದೊಂದನ್ನೇ ಹೊಡೆದಳು. ಮೊದಲನೆಯದು ನೆಗೆದು ಆಚೆಗೆ ಹೋಯಿತು. ಎರಡನೆಯದು ಗುಳಿಯಲ್ಲೇ ಕೂತಿತು. ಮೂರನೆಯದು ಒಳಗೆ ಬಿತ್ತು, ಅದು ಹೇಗೆಂದು ಗೊತ್ತಾಗಲಿಲ್ಲ. ಅಪ್ಪ ಆಚೆ ಬದಿಯಲ್ಲಿ ಕೂತು ತಪ್ಪಿದ ಚೆಂಡುಗಳನ್ನು ಒಂದೊಂದಾಗಿ ಉರುಳಿಸಿ ಕಳಿಸಿದ. ಹತ್ತು ಮುಗಿದಾಗ ನಾಲ್ಕು ಒಳಗಿದ್ದವು.

"ಎಳೀಲೇನವ್ವ ಈಗ?"

"ಇನ್ನೊಂದು ಹತ್ತು," ಎಂದಳು.